ಗಡಿಯಾರದ ಲೆಕ್ಕ, ಟೇಪಿನ ಲೆಕ್ಕ

ಪ್ರಶ್ನೆ: ಸರ್, ನಾನು ಪ್ರಥಮ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಸಂವೇಗ ಅಂದರೆ ಎಂ ವಿ, ಚಲನಶಕ್ತಿ ಅಂದರೆ ಅರ್ಧ ಎಂ ವಿ ಸ್ಕ್ವೇರ್ (ಎಂ ಅಂದರೆ ದ್ರವ್ಯರಾಶಿ, ವಿ ಅಂದರೆ ವೇಗ). ಎರಡೂ ಓಡುವ ವಸ್ತುವಿನ ಬಗ್ಗೆಯೇ ಹೇಳುತ್ತವೆ. ಹಾಗಾದರೆ ಎರಡು ಯಾಕೆ ಬೇಕು? ಶಕ್ತಿಯಲ್ಲಿ ಮಾತ್ರ ವೇಗದ ವರ್ಗ ಯಾಕೆ? ಗಾಡಿಯ ವೇಗವನ್ನು 0ಯಿಂದ 10ಕ್ಕೆ ಏರಿಸುವುದೂ 10ರಿಂದ 20ಕ್ಕೆ ಏರಿಸುವುದೂ ಒಂದೇ ಅಲ್ವಾ? ಎರಡನೇ ಸಲ ಮೂರು ಪಟ್ಟು ಶಕ್ತಿ ಎಲ್ಲಿಂದ ಬಂತು? ಎರಡು ಮಣ್ಣಿನ ಉಂಡೆ ಡಿಕ್ಕಿ ಹೊಡೆದು ನಿಂತರೆ ಶಕ್ತಿ ಶಾಖವಾಯಿತು ಅಂತಾರೆ, ಸಂವೇಗ ಯಾಕೆ ಶಾಖ ಆಗಲ್ಲ? ಕೊನೆಯದಾಗಿ, ಅಪ್ಪ ದಿನಾ 20 ಲೀಟರಿನ ನೀರಿನ ಕ್ಯಾನ್ ಹೊತ್ತು ಮೂರನೇ ಮಹಡಿಗೆ ಬಂದು, ನಾನು ಬಾಗಿಲು ತೆಗೆಯುವ ತನಕ ಅದನ್ನು ಹಿಡಿದುಕೊಂಡೇ ನಿಂತಿರುತ್ತಾರೆ. ಆಗ ನೀವು ಮಾಡಿದ ಕೆಲಸ ಸೊನ್ನೆ ಅಂದೆ. ಅಪ್ಪನಿಗೆ ಸಿಟ್ಟು ಬಂತು.

ಉತ್ತರ: ಅಪ್ಪನ ಸಿಟ್ಟಿನಲ್ಲಿ ನ್ಯಾಯ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ. ಕ್ಲಾಸಿನಲ್ಲಿ ಮಕ್ಕಳ ಜೊತೆ ಮಾತಾಡಿ ಮಾತಾಡಿ ಅಭ್ಯಾಸವಾಗಿಬಿಟ್ಟಿದೆ, ಏಕವಚನದಲ್ಲೇ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡ.

ಮೊದಲು ಆ ಮೂರು ಪಟ್ಟಿನ ಪ್ರಶ್ನೆ. ಅದೊಂದು ಬಗೆಹರಿದರೆ ಉಳಿದ ಗಂಟುಗಳು ತಾವಾಗಿ ಸಡಿಲವಾಗುತ್ತವೆ.

ಸ್ಟಾರ್ಟ್ ಆಗದ ಸ್ಕೂಟರನ್ನು ಯಾವತ್ತಾದರೂ ತಳ್ಳಿದ್ದೀಯಾ? ನಿಂತ ಗಾಡಿಯನ್ನು ಕದಲಿಸಲು ಕಾಲೂರಿ ತಳ್ಳಿದರೆ ಸಾಕು. ಗಾಡಿ ಓಡತೊಡಗಿದ ಮೇಲೂ ಅಷ್ಟೇ ಜೋರಾಗಿ ತಳ್ಳುತ್ತಾ ಇರಬೇಕೆಂದರೆ ನೀನೂ ಅದರ ಹಿಂದೆ ಓಡಬೇಕು. ವೇಗ ಹೆಚ್ಚಿದಷ್ಟೂ ನೀನೂ ಜೋರಾಗಿ ಓಡಬೇಕು. ಏದುಸಿರು ಬರುವುದು ಆಗಲೇ. ಕೈಯ ಬಲ ಮೊದಲಿನಷ್ಟೇ ಇದೆ. ಆದರೆ ಅದೇ ಬಲವನ್ನು ಈಗ ಜಾಸ್ತಿ ದೂರ ಹೊತ್ತುಕೊಂಡು ಹೋಗಬೇಕಾಗಿದೆ.

ಇದನ್ನೇ ಅಂಕಿಯಲ್ಲಿ ನೋಡೋಣ. ಸ್ಕೂಟರು, ಸವಾರ ಸೇರಿ 150 ಕೆ.ಜಿ. ನೆಟ್ಟನೆಯ ರಸ್ತೆ. ಗಾಳಿಯ ತಡೆ, ಘರ್ಷಣೆ ಏನೂ ಇಲ್ಲ ಅಂದುಕೋ. 300 ನ್ಯೂಟನ್ ಬಲ ಒಂದೇ ಸಮನೆ ಮುಂದಕ್ಕೆ ದೂಡುತ್ತಿದೆ. ಆಗ ಪ್ರತಿ ಸೆಕೆಂಡಿಗೂ ವೇಗ 2 ಮೀಟರಿನಷ್ಟು ಏರುತ್ತದೆ. ರಸ್ತೆಯ ಪಕ್ಕದಲ್ಲಿ ಇಬ್ಬರನ್ನು ನಿಲ್ಲಿಸೋಣ. ಒಬ್ಬನ ಕೈಯಲ್ಲಿ ಗಡಿಯಾರ, ಇನ್ನೊಬ್ಬನ ಕೈಯಲ್ಲಿ ಅಳತೆ ಟೇಪು.

ವೇಗ 0ಯಿಂದ ಸೆಕೆಂಡಿಗೆ 10 ಮೀಟರ್ ಆಗಲು ಎಷ್ಟು ಹೊತ್ತು ಬೇಕಾಯಿತು? 5 ಸೆಕೆಂಡ್. 10ರಿಂದ 20 ಆಗಲು? ಮತ್ತೆ 5 ಸೆಕೆಂಡ್. ಗಡಿಯಾರದವನ ಪ್ರಕಾರ ಎರಡೂ ಸಮ. ನೀನು ಹೇಳಿದ್ದೂ ಅದನ್ನೇ, ಅದು ಸರಿಯೇ.

ಈಗ ಟೇಪಿನವನನ್ನು ಕೇಳು. ಮೊದಲ 5 ಸೆಕೆಂಡಿನಲ್ಲಿ ಸರಾಸರಿ ವೇಗ 5, ಹಾಗಾಗಿ ಗಾಡಿ ಹೋದ ದೂರ 25 ಮೀಟರ್. ಮುಂದಿನ 5 ಸೆಕೆಂಡಿನಲ್ಲಿ ಸರಾಸರಿ 15, ಹೋದ ದೂರ 75 ಮೀಟರ್. ಸರಿಯಾಗಿ ಮೂರು ಪಟ್ಟು! ಅದೇ ಬಲ, ಅಷ್ಟೇ ಹೊತ್ತು, ಆದರೆ ದೂರ ಮೂರು ಪಟ್ಟು. 300 ನ್ಯೂಟನ್ನನ್ನು 25 ಮೀಟರಿನಿಂದ ಗುಣಿಸಿದರೆ 7,500 ಜೂಲ್ (ಶಕ್ತಿಯನ್ನು ಅಳೆಯುವ ಮಾನ), 75ರಿಂದ ಗುಣಿಸಿದರೆ 22,500 ಜೂಲ್. ಬೇಕಿದ್ದರೆ ಅರ್ಧ ಎಂ ವಿ ಸ್ಕ್ವೇರ್ ಹಾಕಿ ತಾಳೆ ನೋಡು, ಒಂದು ಜೂಲೂ ಆಚೀಚೆ ಆಗುವುದಿಲ್ಲ.

ಅಂದರೆ ಒಂದೇ ತಳ್ಳಾಟಕ್ಕೆ ಎರಡು ಖಾತೆಗಳಿವೆ. ಬಲವನ್ನು ಹೊತ್ತಿನಿಂದ ಗುಣಿಸಿ ಬರೆದಿಡುವ ಖಾತೆ ಸಂವೇಗದ್ದು. ಬಲವನ್ನು ದೂರದಿಂದ ಗುಣಿಸಿ ಬರೆದಿಡುವ ಖಾತೆ ಶಕ್ತಿಯದು. ಆ ‘ಅರ್ಧ’ ಎಲ್ಲಿಂದ ಬಂತು ಎನ್ನುವುದೂ ಈಗ ಕಾಣಿಸುತ್ತದೆ. ಸೊನ್ನೆಯಿಂದ ವಿ ತನಕ ಏರುವಾಗ ಸರಾಸರಿ ವೇಗ ವಿಯ ಅರ್ಧ, ಅಷ್ಟೇ. ಒಂದು ವಿ ‘ಎಷ್ಟು ವೇಗ ಬಂತು’ ಅನ್ನುವುದರಿಂದ ಬಂದದ್ದು. ಇನ್ನೊಂದು ವಿ ‘ಆ ಹೊತ್ತಿನಲ್ಲಿ ಎಷ್ಟು ದೂರ ಹೋಯಿತು’ ಅನ್ನುವುದರಿಂದ ಬಂದದ್ದು.

ಇದರ ತಿರುಗುಮುರುಗು ಬ್ರೇಕ್ ಹಾಕುವಾಗ ಕಾಣುತ್ತದೆ. ಒಳ್ಳೆ ರಸ್ತೆ, ಒಳ್ಳೆ ಟೈರು, ಬ್ರೇಕ್ ಹಿಡಿದರೆ ವೇಗ ಸೆಕೆಂಡಿಗೆ 6 ಮೀಟರಿನಷ್ಟು ಇಳಿಯುತ್ತದೆ ಅನ್ನು. ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಗಾಡಿ ನಿಲ್ಲಲು 1.4 ಸೆಕೆಂಡ್, 60ರಲ್ಲಿದ್ದರೆ 2.8 ಸೆಕೆಂಡ್. ಎರಡು ಪಟ್ಟು. ಆದರೆ ಜಾರುವ ದೂರ 30ರಲ್ಲಿ ಸುಮಾರು 6 ಮೀಟರ್, 60ರಲ್ಲಿ 23 ಮೀಟರ್. ನಾಲ್ಕು ಪಟ್ಟು. ಬ್ರೇಕ್ ಹಿಡಿಯಲು ಮನಸ್ಸು ಮಾಡುವ ಆ ಒಂದು ಸೆಕೆಂಡಿನಲ್ಲಿ ಗಾಡಿ ಓಡಿಬಿಡುವ ದೂರ ಬೇರೆ. ಎದುರಿಗೆ ಎಮ್ಮೆ ನಿಂತಿದ್ದಾಗ ಲೆಕ್ಕಕ್ಕೆ ಬರುವುದು ಟೇಪು. ಎಷ್ಟು ಸೆಕೆಂಡಿನಲ್ಲಿ ನಿಂತೆ ಅನ್ನುವುದು ಎಮ್ಮೆಗೆ ಬೇಕಾಗಿಲ್ಲ.

ನಿನಗೆ ಬಂದ ಅನುಮಾನವನ್ನು ಸಣ್ಣದು ಅಂತ ತಿಳಿಯಬೇಡ. ಯುರೋಪಿನ ದೊಡ್ಡ ದೊಡ್ಡ ತಲೆಗಳು ಇದೇ ಪ್ರಶ್ನೆ ಹಿಡಿದು ಅರ್ಧ ಶತಮಾನಕ್ಕೂ ಜಾಸ್ತಿ ಜಗಳವಾಡಿದ್ದಾರೆ. ಜಗತ್ತಿನಲ್ಲಿರುವ ಒಟ್ಟು ಚಲನೆ ಬದಲಾಗುವುದಿಲ್ಲ, ಅದರ ಅಳತೆ ಗಾತ್ರ ಗುಣಿಸು ವೇಗ ಅಂತ ಫ್ರಾನ್ಸಿನ ದೇಕಾರ್ತ್ 1644ರಲ್ಲಿ ಬರೆದ. 1686ರಲ್ಲಿ ಜರ್ಮನಿಯ ಲೈಬ್ನಿಟ್ಸ್ ಅದು ತಪ್ಪು ಎಂದು ಎದ್ದು ನಿಂತ. ಅವನ ವಾದ ತುಂಬಾ ಸರಳ, ಬಾವಿಯಿಂದ ನೀರು ಸೇದಿದವರಿಗೆ ಥಟ್ಟನೆ ಅರ್ಥವಾಗುತ್ತದೆ. 4 ಕೆ.ಜಿ. ಭಾರವನ್ನು 1 ಮೀಟರ್ ಎತ್ತುವುದೂ, 1 ಕೆ.ಜಿ. ಭಾರವನ್ನು 4 ಮೀಟರ್ ಎತ್ತುವುದೂ ಒಂದೇ ಶ್ರಮ. ಈಗ ಎರಡನ್ನೂ ಕೈಬಿಡು. ನಾಲ್ಕು ಪಟ್ಟು ಎತ್ತರದಿಂದ ಬಿದ್ದ ವಸ್ತುವಿನ ವೇಗ ನಾಲ್ಕು ಪಟ್ಟಾಗುವುದಿಲ್ಲ, ಎರಡೇ ಪಟ್ಟಾಗುತ್ತದೆ. ಇದನ್ನು ಗೆಲಿಲಿಯೋ ಆಗಲೇ ತೋರಿಸಿದ್ದ. ದೇಕಾರ್ತನ ಲೆಕ್ಕದಲ್ಲಿ ಒಂದಕ್ಕೆ 4 ಗುಣಿಸು 1, ಅಂದರೆ 4. ಇನ್ನೊಂದಕ್ಕೆ 1 ಗುಣಿಸು 2, ಅಂದರೆ 2. ಒಂದೇ ಶ್ರಮಕ್ಕೆ ಎರಡು ಬೆಲೆ ಹೇಗೆ ಬಂತು? ವೇಗದ ವರ್ಗ ಹಾಕಿ ನೋಡು. ಎರಡೂ ಕಡೆ 4. ಲೈಬ್ನಿಟ್ಸ್ ಇದಕ್ಕೆ ‘ಜೀವಂತ ಬಲ’ ಎಂಬ ಅರ್ಥ ಬರುವ ಲ್ಯಾಟಿನ್ ಹೆಸರಿಟ್ಟ. ಅವನ ಲೆಕ್ಕದಲ್ಲಿ ಅರ್ಧ ಇರಲಿಲ್ಲ. ಅದನ್ನು ಸೇರಿಸಿದವನು ಫ್ರಾನ್ಸಿನ ಕೊರಿಯೊಲಿಸ್, 1829ರಲ್ಲಿ.

ಜಗಳಕ್ಕೆ ಪ್ರಯೋಗದ ಸಾಕ್ಷಿ ಒದಗಿಸಿದವನು ಹಾಲೆಂಡಿನ ಲೈಡನ್‌ನಲ್ಲಿ ಪ್ರೊಫೆಸರ್ ಆಗಿದ್ದ ಗ್ರಾವೆಸಾಂಡ್. ಮೆತ್ತನೆಯ ಜೇಡಿಮಣ್ಣಿನ ಮೇಲೆ ಗುಂಡುಗಳನ್ನು ಬೀಳಿಸಿ ಕುಳಿಗಳನ್ನು ಅಳೆದ. ಒಂದೇ ಗಾತ್ರದ, ಬೇರೆ ಬೇರೆ ತೂಕದ ಗುಂಡುಗಳು. ತೂಕ ಎರಡು ಪಟ್ಟಾದರೆ ಎತ್ತರ ಅರ್ಧ ಮಾಡಿದ, ಮೂರು ಪಟ್ಟಾದರೆ ಮೂರನೇ ಒಂದು ಮಾಡಿದ. ಕುಳಿಗಳು ಒಂದೇ ಸಮ ಬಂದವು, ಲೈಬ್ನಿಟ್ಸನ ಲೆಕ್ಕ ಹೇಳುವ ಹಾಗೆಯೇ. 1722ರಲ್ಲಿ ಅದನ್ನು ಪ್ರಕಟಿಸಿದ. ಈ ಪ್ರಯೋಗದ ಮಹತ್ವವನ್ನು ಹಿಡಿದು ವಾದಿಸಿದವರಲ್ಲಿ ಎಮಿಲಿ ದು ಶಾತ್ಲೆ ಎಂಬ ಫ್ರೆಂಚ್ ಹೆಣ್ಣುಮಗಳು ಮುಖ್ಯಳು. 1740ರಲ್ಲಿ ಭೌತಶಾಸ್ತ್ರದ ಪುಸ್ತಕ ಬರೆದು ಲೈಬ್ನಿಟ್ಸನ ಪರ ನಿಂತಳು. ನ್ಯೂಟನ್ನನ ಮಹಾಗ್ರಂಥವನ್ನು ಫ್ರೆಂಚಿಗೆ ತಂದವಳೂ ಅವಳೇ. 1749ರಲ್ಲಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು, ಅನುವಾದ ಪೂರ್ತಿಯಾಗಿ ಅಚ್ಚಾದದ್ದು ಹತ್ತು ವರ್ಷ ಕಳೆದ ಮೇಲೆ. ನಿಮ್ಮ ಪಠ್ಯದಲ್ಲಿ ಅವಳ ಹೆಸರು ಇಲ್ಲದಿದ್ದರೆ ಪುಟದ ಅಂಚಿನಲ್ಲಿ ನೀನೇ ಬರೆದುಕೋ.

ಗ್ರಾವೆಸಾಂಡನ ಪ್ರಯೋಗವನ್ನು ನಾವೂ ಒಂದು ಸಲ ಮಾಡಿ ನೋಡಿದೆವು. ಗಣೇಶನ ಹಬ್ಬದ ಸಮಯ, ಮೂರ್ತಿ ಮಾಡುವವರ ಹತ್ತಿರ ಜೇಡಿಮಣ್ಣು ಕೇಳಿ ತಂದು ಒಂದು ಸಿಮೆಂಟ್ ಬಾಂಡ್ಲಿ ತುಂಬಾ ಹದವಾಗಿ ಮೆತ್ತಿದೆವು. ಆಟದ ರೂಮಿನಿಂದ 4 ಕೆ.ಜಿ.ಯ ಶಾಟ್‌ಪುಟ್ ಗುಂಡು ಬಂತು. ಒಂದು ಸಲ 25 ಸೆಂ.ಮೀ. ಎತ್ತರದಿಂದ ಬಿಟ್ಟೆವು, ಮಣ್ಣು ಸಮ ಮಾಡಿ ಇನ್ನೊಂದು ಸಲ 1 ಮೀಟರಿನಿಂದ ಬಿಟ್ಟೆವು. ವೇಗ ಎರಡು ಪಟ್ಟು, ಶಕ್ತಿ ನಾಲ್ಕು ಪಟ್ಟು. ಒಬ್ಬ ಹುಡುಗ ಸ್ಕೇಲ್ ಇಟ್ಟು ಕುಳಿಯ ಆಳ ನೋಡಿ, “ಸರ್, ಎರಡು ಪಟ್ಟಿಗಿಂತ ಚೂರು ಜಾಸ್ತಿ ಅಷ್ಟೇ, ದೇಕಾರ್ತೇ ಸರಿ” ಅಂತ ಕೂಗಿದ. ಎಲ್ಲರೂ ನಕ್ಕರು. ನನಗೂ ಒಂದು ಕ್ಷಣ ತಬ್ಬಿಬ್ಬಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಳೆಯಿತು. ಗುಂಡು ಉರುಟಾಗಿದೆ, ಒಳಗೆ ಇಳಿದಷ್ಟೂ ಅಗಲವಾಗಿ ಮಣ್ಣನ್ನು ಒತ್ತುತ್ತಾ ಹೋಗುತ್ತದೆ. ಅಳೆಯಬೇಕಾದ್ದು ಪಕ್ಕಕ್ಕೆ ಸರಿದ ಮಣ್ಣನ್ನು. 20 ಎಂ.ಎಲ್. ಸಿರಿಂಜಿನಲ್ಲಿ ಕುಳಿಗೆ ನೀರು ಹಾಕಿದೆವು. ಮೊದಲ ಕುಳಿಗೆ ಮೂರು ಸಿರಿಂಜು ಹಿಡಿದಿತ್ತು. ಎರಡನೆಯದಕ್ಕೆ ಹನ್ನೆರಡು ಹಾಕಿದ ಮೇಲೂ ಚೂರು ಜಾಗ ಇತ್ತು. ಆ ಹುಡುಗನೇ ಎಣಿಸಿದ್ದು.

ಹಾಗಂತ ದೇಕಾರ್ತ್ ಪೂರಾ ತಪ್ಪು ಅಂತಲ್ಲ. ಅವನು ಹಿಡಿದದ್ದು ಗಡಿಯಾರದ ಖಾತೆಯನ್ನು, ದಿಕ್ಕನ್ನು ಲೆಕ್ಕಕ್ಕೆ ಹಾಕಲು ಮರೆತಿದ್ದ. ಲೈಬ್ನಿಟ್ಸ್ ಹಿಡಿದದ್ದು ಟೇಪಿನ ಖಾತೆಯನ್ನು. ಇದು ಬರೀ ಮಾತಿನ ಜಗಳ ಅಂತ ಫ್ರಾನ್ಸಿನ ದಾಲಂಬೇರ್ 1743ರಲ್ಲಿ ಬರೆದ. ನನ್ನನ್ನು ಕೇಳಿದರೆ ಅವನು ಸ್ವಲ್ಪ ಅವಸರ ಮಾಡಿದ. ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರಿಟ್ಟುಕೊಂಡು ಕಿತ್ತಾಡುತ್ತಿದ್ದರು ಅನ್ನುವುದು ಹೆಚ್ಚು ಸರಿ.

ಈಗ ಎರಡು ಖಾತೆ ಯಾಕೆ ಬೇಕು ಅನ್ನುವುದಕ್ಕೆ ಬರೋಣ. ಇದಕ್ಕೆ ಕೇರಂ ಬೋರ್ಡಿಗಿಂತ ಒಳ್ಳೆಯ ಲ್ಯಾಬ್ ಇಲ್ಲ.

ಸ್ಟ್ರೈಕರ್ 15 ಗ್ರಾಂ, ಕಾಯಿನ್ 5 ಗ್ರಾಂ. ಸ್ಟ್ರೈಕರ್ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹೋಗಿ ಕಾಯಿನ್‌ಗೆ ನೇರವಾಗಿ ಬಡಿಯಿತು. ಮುಂದೇನು? ಸಂವೇಗದ ಖಾತೆಯಲ್ಲಿ 15 ಗುಣಿಸು 3, ಅಂದರೆ 45 ಇದೆ. ಬಡಿದ ಮೇಲೂ 45 ಇರಬೇಕು. ಸ್ಟ್ರೈಕರ್ ಅಲ್ಲೇ ನಿಂತು ಕಾಯಿನ್ 9 ಮೀಟರ್ ವೇಗದಲ್ಲಿ ಹಾರಿದರೂ 45 ಬರುತ್ತದೆ. ಎರಡೂ ಅಂಟಿಕೊಂಡು 2.25ರಲ್ಲಿ ಹೋದರೂ 45. ಸ್ಟ್ರೈಕರ್ 1.5ರಲ್ಲಿ, ಕಾಯಿನ್ 4.5ರಲ್ಲಿ ಹೋದರೂ 45. ಇಂಥ ಉತ್ತರಗಳಿಗೆ ಲೆಕ್ಕವೇ ಇಲ್ಲ. ಸಂವೇಗ ಒಂದನ್ನೇ ಹಿಡಿದುಕೊಂಡು ಕೂತರೆ ಬೋರ್ಡಿನ ಮೇಲೆ ಏನಾಗುತ್ತದೆ ಅಂತ ಹೇಳಲು ಆಗುವುದಿಲ್ಲ.

ಶಕ್ತಿಯ ಖಾತೆ ತೆರೆ. ಬಡಿಯುವ ಮುಂಚೆ ಅರ್ಧ ಗುಣಿಸು 15 ಗುಣಿಸು 9, ಅಂದರೆ 67.5. ಕಾಯಿನ್ 9ರಲ್ಲಿ ಹಾರುವ ಉತ್ತರದಲ್ಲಿ 202.5 ಆಗುತ್ತದೆ. ಮೂರು ಪಟ್ಟು ಶಕ್ತಿ ಯಾರು ಕೊಟ್ಟರು? ಆ ಉತ್ತರ ಬಿತ್ತು. 1.5 ಮತ್ತು 4.5ರ ಉತ್ತರದಲ್ಲಿ 16.9 ಮತ್ತು 50.6, ಕೂಡಿದರೆ 67.5. ಶಕ್ತಿ ಪೋಲಾಗದೆ ಡಿಕ್ಕಿಯಾದರೆ ಇದೊಂದೇ ದಾರಿ. ನಿಜವಾದ ಬೋರ್ಡಿನಲ್ಲಿ ‘ಟಕ್’ ಅಂತ ಸದ್ದು ಬರುತ್ತದಲ್ಲ, ಅದಕ್ಕೂ ಸ್ವಲ್ಪ ಖರ್ಚಾಗುತ್ತದೆ. ಹಾಗಾಗಿ ಚೂರು ಕಮ್ಮಿ.

ಇನ್ನೊಂದು ನೋಡು, ಇದು ನನಗೆ ತುಂಬಾ ಇಷ್ಟ. ಬೋರ್ಡಿಗೆ ಚೆನ್ನಾಗಿ ಪೌಡರ್ ಹಾಕು. ಸ್ಟ್ರೈಕರ್ ಪಕ್ಕಕ್ಕಿಡು. ಒಂದು ಕಾಯಿನ್ ಇಟ್ಟು ಇನ್ನೊಂದು ಕಾಯಿನ್‌ನಿಂದಲೇ ಹೊಡೆ. ನೇರವಾಗಿ ನಡುಮಧ್ಯಕ್ಕೆ ತಗುಲಿದರೆ ಹೊಡೆದದ್ದು ಅಲ್ಲೇ ನಿಲ್ಲುತ್ತದೆ, ಹೊಡೆಸಿಕೊಂಡದ್ದು ಹೋಗುತ್ತದೆ. ಓರೆಯಾಗಿ ತಗುಲಿದರೆ ಎರಡೂ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಆ ಎರಡು ದಾರಿಗಳ ನಡುವಿನ ಕೋನ ಅಳೆ. ಹೇಗೆ ಹೊಡೆದರೂ ಹತ್ತಿರ ಹತ್ತಿರ 90 ಡಿಗ್ರಿ! ಯಾಕೆ? ತೂಕ ಒಂದೇ ಇರುವುದರಿಂದ ಸಂವೇಗದ ನಿಯಮ ಹೇಳುವುದು ಇಷ್ಟು: ಮೊದಲಿನ ವೇಗದ ಬಾಣ, ಆಮೇಲಿನ ಎರಡು ವೇಗಗಳ ಬಾಣ, ಈ ಮೂರೂ ಸೇರಿ ತ್ರಿಭುಜವಾಗಬೇಕು. ಶಕ್ತಿಯ ನಿಯಮ ಹೇಳುವುದು: ಮೊದಲಿನ ವೇಗದ ವರ್ಗ ಆಮೇಲಿನ ಎರಡು ವೇಗಗಳ ವರ್ಗಗಳ ಮೊತ್ತಕ್ಕೆ ಸಮ. ಬದಿಗಳ ವರ್ಗ ಹೀಗೆ ಕೂಡಿಬರುವ ತ್ರಿಭುಜ ಯಾವುದು? ಎಂಟನೇ ಕ್ಲಾಸಿನ ಮಕ್ಕಳನ್ನು ಕೇಳಿದರೂ ಪೈಥಾಗೊರಸ್ ಅನ್ನುತ್ತಾರೆ. ಶಕ್ತಿಯಲ್ಲಿ ವೇಗದ ವರ್ಗದ ಬದಲು ಬರೀ ವೇಗ ಇದ್ದಿದ್ದರೆ ಈ ಲಂಬಕೋನ ಬರುತ್ತಲೇ ಇರಲಿಲ್ಲ. ಚೆನ್ನಾಗಿ ಕೇರಂ ಆಡುವವರ ಬೆರಳಿಗೆ ಇದು ಗೊತ್ತಿರುತ್ತದೆ, ಕಾರಣ ಗೊತ್ತಿರಬೇಕಾಗಿಲ್ಲ. ಡಿಕ್ಕಿಯಲ್ಲಿ ಸಂವೇಗದ ಜೊತೆಗೆ ಈ ವರ್ಗದ ಮೊತ್ತವೂ ಉಳಿಯಬಹುದು ಅನ್ನುವುದನ್ನು ಹಾಲೆಂಡಿನ ಹೈಗೆನ್ಸ್ 1669ರ ಹೊತ್ತಿಗೇ ಹೇಳಿದ್ದ.

ನೀನು ಕೇಳದ ಒಂದು ಪ್ರಶ್ನೆಯನ್ನೂ ನಾನೇ ಹಾಕಿಬಿಡುತ್ತೇನೆ, ಯಾಕೆಂದರೆ ಇವತ್ತಲ್ಲ ನಾಳೆ ಅದು ನಿನ್ನನ್ನು ಕಾಡುತ್ತದೆ. ಮೈಸೂರಿನ ರೈಲಿನಲ್ಲಿ ಕೂತಿದ್ದೀಯ. ರೈಲು ಸೆಕೆಂಡಿಗೆ 20 ಮೀಟರ್ ವೇಗದಲ್ಲಿದೆ. 1 ಕೆ.ಜಿ.ಯ ಚೀಲವೊಂದನ್ನು ಮುಂದಿನ ಸೀಟಿನಲ್ಲಿರುವ ಗೆಳತಿಗೆ 10 ಮೀಟರ್ ವೇಗದಲ್ಲಿ ಎಸೆದೆ. ನಿನ್ನ ಲೆಕ್ಕದಲ್ಲಿ ಚೀಲಕ್ಕೆ ಕೊಟ್ಟ ಶಕ್ತಿ 50 ಜೂಲ್. ಆದರೆ ಪ್ಲಾಟ್‌ಫಾರಂ ಮೇಲೆ ನಿಂತವನ ಕಣ್ಣಿಗೆ ಚೀಲದ ವೇಗ 20ರಿಂದ 30ಕ್ಕೆ ಏರಿತು. ಶಕ್ತಿ 200ರಿಂದ 450ಕ್ಕೆ. ಅಂದರೆ 250 ಜೂಲ್ ಹೆಚ್ಚಾಯಿತು. ಉಳಿದ 200 ಜೂಲ್ ಎಲ್ಲಿಂದ ಬಂತು?

ಮತ್ತೆ ಟೇಪು ಹಿಡಿ. ನಿನ್ನ ಕೈ 1 ಮೀಟರ್ ಬೀಸಿ, 50 ನ್ಯೂಟನ್ ಬಲದಿಂದ ಎಸೆಯಿತು ಅನ್ನು. ಅದಕ್ಕೆ ಹಿಡಿದ ಹೊತ್ತು 0.2 ಸೆಕೆಂಡ್. ಅಷ್ಟರಲ್ಲಿ ರೈಲು 4 ಮೀಟರ್ ಮುಂದೆ ಹೋಗಿರುತ್ತದೆ. ಪ್ಲಾಟ್‌ಫಾರಂನವನ ಟೇಪಿನಲ್ಲಿ ಬಲ ಓಡಾಡಿದ ದೂರ 5 ಮೀಟರ್. 50 ಗುಣಿಸು 5, 250 ಜೂಲ್. ಸರಿಹೋಯಿತು. ಎಸೆಯುವಾಗ ನಿನ್ನ ಕಾಲು ರೈಲಿನ ನೆಲವನ್ನು ಅಷ್ಟೇ ಬಲದಿಂದ ಹಿಂದಕ್ಕೆ ಒತ್ತಿದೆ, ರೈಲು ಆ ಒತ್ತಡಕ್ಕೆ ಎದುರಾಗಿ 4 ಮೀಟರ್ ಸಾಗಿದೆ. 50 ಗುಣಿಸು 4, 200 ಜೂಲ್. ರೈಲು ಕೊಟ್ಟದ್ದು ಅದು. ಒಂದೇ ವಸ್ತುವಿನ ಶಕ್ತಿ ನೋಡುವವನ ಪ್ರಕಾರ ಬೇರೆ ಬೇರೆ ಇರಬಹುದು. ಆದರೆ ಒಬ್ಬನೇ ನೋಡುಗನ ಖಾತೆಯಲ್ಲಿ ಜಮಾ ಖರ್ಚು ಯಾವಾಗಲೂ ಹೊಂದುತ್ತದೆ. ಲೆಕ್ಕದ ಮಧ್ಯದಲ್ಲಿ ರೈಲಿನಿಂದ ಪ್ಲಾಟ್‌ಫಾರಂಗೆ ಹಾರಬಾರದು, ಅಷ್ಟೇ. ಪರೀಕ್ಷೆಯಲ್ಲಿ ಅರ್ಧ ತಪ್ಪುಗಳು ಆಗುವುದು ಹೀಗೆ ಹಾರಿಯೇ.

ಇನ್ನು ಮಣ್ಣಿನ ಉಂಡೆ. “ಶಾಖವಾಯಿತು” ಅನ್ನುವುದು ನಿನಗೆ ನುಣುಚಿಕೊಳ್ಳುವ ಮಾತಿನ ಹಾಗೆ ಕೇಳಿಸಿರಬೇಕು. ನನಗೂ ಆ ವಯಸ್ಸಿನಲ್ಲಿ ಹಾಗೇ ಅನ್ನಿಸಿತ್ತು.

ಸಂವೇಗಕ್ಕೆ ದಿಕ್ಕಿದೆ, ಶಕ್ತಿಗೆ ದಿಕ್ಕಿಲ್ಲ. ಇದನ್ನು ಬಾಯಿಪಾಠ ಮಾಡಿರುತ್ತೀಯ. ಒಂದು ಜಾತ್ರೆ ನೆನಪಿಸಿಕೋ. ತೇರು ಎಳೆಯುವಾಗ ಸಾವಿರ ಜನ ಒಂದೇ ದಿಕ್ಕಿಗೆ ನಡೆಯುತ್ತಾರೆ. ತೇರು ನಿಂತ ಮೇಲೆ ಅದೇ ಸಾವಿರ ಜನ ಅಂಗಡಿ ಬೀದಿಯಲ್ಲಿ ಅಡ್ಡಾದಿಡ್ಡಿ ಓಡಾಡುತ್ತಾರೆ. ಬಳೆ ಅಂಗಡಿಗೆ ಹೋಗುವವರು, ಬೆಂಡು ಬತ್ತಾಸು ಕೊಳ್ಳುವವರು, ಕಳೆದುಹೋದ ಮಗುವನ್ನು ಹುಡುಕುವವರು. ಯಾರೂ ನಿಂತಿಲ್ಲ. ಆದರೆ ಒಟ್ಟು ಜನಸಂದಣಿ ಎಲ್ಲಿಗೂ ಹೋಗುತ್ತಿಲ್ಲ. ಪೂರ್ವಕ್ಕೆ ಹೋಗುವವರೂ ಪಶ್ಚಿಮಕ್ಕೆ ಹೋಗುವವರೂ ಕಳೆದುಕೊಂಡು ಸೊನ್ನೆ.

ಶಾಖ ಅಂದರೆ ಕಣಗಳ ಇಂಥದ್ದೇ ಅಡ್ಡಾದಿಡ್ಡಿ ಓಡಾಟ. ಸಂವೇಗವನ್ನು ಕೂಡುವಾಗ ಪ್ಲಸ್ಸು ಮೈನಸ್ಸು ವಜಾ ಆಗುತ್ತವೆ. ಹಾಗಾಗಿ ಆ ಗದ್ದಲದಲ್ಲಿ ಸಂವೇಗ ಅಡಗಿ ಕೂರಲು ಜಾಗವೇ ಇಲ್ಲ. ಶಕ್ತಿಯಲ್ಲಿ ಇರುವುದು ವರ್ಗ. ಮೈನಸ್ 3ರ ವರ್ಗವೂ 9, ಪ್ಲಸ್ 3ರ ವರ್ಗವೂ 9. ವಜಾ ಆಗುವ ಮಾತಿಲ್ಲ, ಕೂಡುತ್ತಲೇ ಹೋಗುತ್ತದೆ. ನೀನು ಯಾಕೆ ಅಂತ ಕೇಳಿದ ಆ ‘ಸ್ಕ್ವೇರ್’ ಇರುವುದರಿಂದಲೇ ಶಕ್ತಿ ಗದ್ದಲದೊಳಗೆ ಅಡಗಬಲ್ಲದು.

ಉಂಡೆ ಗೋಡೆಗೆ ಬಡಿದು ಅಂಟಿಕೊಂಡರೆ? ಸಂವೇಗ ಗೋಡೆಗೆ, ಗೋಡೆಯಿಂದ ಭೂಮಿಗೆ. ಉಂಡೆ ಎಸೆಯುವಾಗ ನಿನ್ನ ಕಾಲು ಭೂಮಿಯನ್ನು ಹಿಂದಕ್ಕೆ ಒತ್ತಿತ್ತಲ್ಲ, ಆ ಸಾಲ ತೀರಿತು.

ಹಾಗಾದರೆ ಉಂಡೆ ಮುಟ್ಟಿದರೆ ಯಾಕೆ ಬಿಸಿ ಅನ್ನಿಸುವುದಿಲ್ಲ? ಒಂದೊಂದು ಕೆ.ಜಿ.ಯ ಎರಡು ಉಂಡೆ, 5 ಮೀಟರ್ ವೇಗ. ಒಟ್ಟು ಶಕ್ತಿ 25 ಜೂಲ್. 2 ಕೆ.ಜಿ. ಹಸಿಮಣ್ಣಿಗೆ ಅದು ಯಾವ ಮೂಲೆಗೆ? ಬಿಸಿ ಏರುವುದು ಒಂದು ಡಿಗ್ರಿಯ ನೂರನೇ ಒಂದು ಭಾಗವೂ ಇಲ್ಲ. ಶಾಖದ ಲೆಕ್ಕದಲ್ಲಿ ನಮ್ಮ ಓಡಾಟ, ಎತ್ತಾಟ ಎಲ್ಲ ಚಿಲ್ಲರೆ ಕಾಸು. ಇದು ಪತ್ತೆಯಾಗಲು ಅಷ್ಟು ಕಾಲ ಹಿಡಿದದ್ದೂ ಅದಕ್ಕೇ.

ಪತ್ತೆ ಮಾಡಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಜೇಮ್ಸ್ ಜೂಲ್. ಬಿಯರ್ ತಯಾರಿಸುವ ಮನೆತನದವನು. ಹಂಡೆಯಲ್ಲಿ ನೀರು, ನೀರಿನೊಳಗೆ ಮಜ್ಜಿಗೆ ಕಡೆಯುವ ಕಡೆಗೋಲಿನ ಹಾಗೆ ತಿರುಗುವ ರೆಕ್ಕೆಗಳು, ಅದಕ್ಕೆ ಸುತ್ತಿದ ದಾರದ ತುದಿಯಲ್ಲಿ ತೂಕದ ಗುಂಡುಗಳು. ಗುಂಡು ಕೆಳಗಿಳಿದಂತೆ ರೆಕ್ಕೆ ನೀರನ್ನು ಕಡೆಯುತ್ತದೆ, ನೀರು ತುಸು ಬಿಸಿಯಾಗುತ್ತದೆ. ಮತ್ತೆ ಗುಂಡು ಎತ್ತು, ಮತ್ತೆ ಇಳಿಸು. ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿ ಮಾಡಲು ಒಂದು ಪೌಂಡ್ ತೂಕ 772 ಅಡಿ ಬೀಳಬೇಕು ಅಂತ ಅವನು 1850ರಲ್ಲಿ ಹೇಳಿದ. ಇವತ್ತಿನ ಲೆಕ್ಕ 778 ಅಡಿ. ಎಷ್ಟು ಹತ್ತಿರ ಬಂದಿದ್ದಾನೆ ನೋಡು.

ಈಗ ನಮ್ಮ ಜೋಗದ ಎತ್ತರ ನೆನಪಿಸಿಕೋ. 253 ಮೀಟರ್, ಅಂದರೆ 830 ಅಡಿ. ಜೂಲನ ಅಳತೆಗೆಂದೇ ಮಾಡಿಸಿದ ಹಾಗಿದೆ! ಮೇಲಿನಿಂದ ಬಿದ್ದ ನೀರು ಕೆಳಗೆ ತಲುಪಿದಾಗ ಒಂದು ಡಿಗ್ರಿ ಫ್ಯಾರನ್‌ಹೀಟಿಗಿಂತ ಚೂರು ಜಾಸ್ತಿ, ಸೆಲ್ಸಿಯಸ್‌ನಲ್ಲಿ 0.6 ಡಿಗ್ರಿಯಷ್ಟು ಬಿಸಿಯಾಗಿರಬೇಕು. ಜೂಲ್ ಸ್ವಿಟ್ಜರ್‌ಲೆಂಡಿನ ಗಡಿ ಹತ್ತಿರದ ಬೆಟ್ಟಗಳಿಗೆ ಹೆಂಡತಿಯ ಜೊತೆ ಹೋದಾಗಲೂ ಥರ್ಮಾಮೀಟರ್ ಹಿಡಿದು ಜಲಪಾತ ಹುಡುಕುತ್ತಿದ್ದ ಅನ್ನುವ ಕಥೆಯಿದೆ. ಜೋಗದಲ್ಲಿ ಅಳೆಯಲು ಹೋದರೆ ಸೋಲುತ್ತೀಯ. ನೀರು ದಾರಿಯಲ್ಲೇ ಹನಿಹನಿಯಾಗಿ ಆವಿಯಾಗಿ ತಣ್ಣಗಾಗುತ್ತದೆ, ಗಾಳಿಯಲ್ಲಿ ಮಂಜಾಗಿ ಹರಡುತ್ತದೆ. ಆ ಹೊಗೆಯಂಥ ತುಂತುರಿನಲ್ಲಿ 0.6 ಡಿಗ್ರಿ ಹುಡುಕುವುದು ಎಲ್ಲಿ? ಅದೇ ಶರಾವತಿಯ ನೀರನ್ನು ಲಿಂಗನಮಕ್ಕಿಯಲ್ಲಿ ತಡೆದು, ಪೈಪಿನಲ್ಲಿ ಇಳಿಸಿ, ಟರ್ಬೈನಿಗೆ ಬಡಿಸಿದರೆ ಆ ಶಕ್ತಿ ಶಾಖವಾಗುವ ಮುಂಚೆಯೇ ನಮ್ಮ ಕೈಗೆ ಸಿಗುತ್ತದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಇಷ್ಟು ಚೂರು ಬಿಸಿಗೆ ಎಷ್ಟು ಬೆಲೆ ನೋಡು.

ಈಗ ನೀರಿನ ಕ್ಯಾನು.

ಬಾಗಿಲ ಮುಂದೆ ಕ್ಯಾನ್ ಹಿಡಿದು ನಿಂತಾಗ ಟೇಪಿನವನ ಪುಸ್ತಕ ಖಾಲಿ. ಕ್ಯಾನ್ ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ, ದೂರ ಸೊನ್ನೆ. ಭೌತಶಾಸ್ತ್ರದಲ್ಲಿ ಕೆಲಸ ಅಂದರೆ ಬಲ ಗುಣಿಸು ದೂರ, ಹಾಗಾಗಿ ಕ್ಯಾನಿನ ಮೇಲೆ ನಡೆದ ಕೆಲಸ ಸೊನ್ನೆ. ನಿಮ್ಮ ಪಠ್ಯ ಹೇಳುವುದು ಇಷ್ಟನ್ನೇ. ಗಡಿಯಾರದವನ ಪುಸ್ತಕ ಮಾತ್ರ ತುಂಬುತ್ತಲೇ ಇದೆ. ಅಪ್ಪನ ಕೈ 196 ನ್ಯೂಟನ್ ಬಲವನ್ನು ಒಂದು ನಿಮಿಷ ಮೇಲಕ್ಕೆ ಕೊಟ್ಟರೆ ಅವನು 11,760 ಅಂತ ಬರೆದುಕೊಳ್ಳುತ್ತಾನೆ. ಭೂಮಿ ಅಷ್ಟನ್ನೇ ಕೆಳಕ್ಕೆ ಎಳೆದು ವಜಾ ಮಾಡುತ್ತದೆ.

ಇದೇ ಕೆಲಸವನ್ನು ಒಂದು ಮೇಜು ವರ್ಷಗಟ್ಟಲೆ ಊಟವಿಲ್ಲದೆ ಮಾಡುತ್ತದೆ. ಸ್ನಾಯುವಿಗೆ ಅದು ಬರುವುದಿಲ್ಲ. ಸ್ನಾಯುವಿನೊಳಗೆ ಎಳೆಗಳು ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ನಡೆಯುತ್ತಲೇ ಇರಬೇಕು. ಹಗ್ಗ ಜಗ್ಗಾಟದಲ್ಲಿ ಹಗ್ಗ ಅಲುಗಾಡದಿದ್ದರೂ ಜನ ಕೈ ಬದಲಿಸುತ್ತಾ ಇರುತ್ತಾರಲ್ಲ, ಹಾಗೆ. ಒಂದೊಂದು ಹಿಡಿತಕ್ಕೂ ತಿಂದ ಅನ್ನ ಖರ್ಚಾಗುತ್ತದೆ, ಎಲ್ಲವೂ ಕೊನೆಗೆ ಶಾಖ. ಬೆವರು ಬರುವುದು ಅದಕ್ಕೆ. ಕ್ಯಾನಿಗೆ ಒಂದು ಜೂಲೂ ಸಿಗಲಿಲ್ಲ ಅನ್ನುವುದು ನಿಜ, ಅಪ್ಪನಿಗೆ ಖರ್ಚಾಯಿತು ಅನ್ನುವುದೂ ನಿಜ.

ಮೆಟ್ಟಿಲು ಹತ್ತಿದ ಲೆಕ್ಕ ಬೇರೆ. ಮೂರು ಮಹಡಿ ಅಂದರೆ ಹತ್ತಿರ ಹತ್ತಿರ 9 ಮೀಟರ್. ಕ್ಯಾನ್ ಒಂದಕ್ಕೇ 1,764 ಜೂಲ್. ಅಪ್ಪನ ತೂಕ 60 ಕೆ.ಜಿ. ಅಂತಿಟ್ಟುಕೊಂಡರೆ ಒಟ್ಟು 7,000 ಜೂಲ್ ದಾಟುತ್ತದೆ. ನಮ್ಮ ಮೈ ತಿಂದದ್ದರಲ್ಲಿ ಕಾಲು ಭಾಗವನ್ನೋ ಐದನೇ ಒಂದು ಭಾಗವನ್ನೋ ಮಾತ್ರ ಕೆಲಸವಾಗಿಸಬಲ್ಲದು, ಉಳಿದದ್ದು ಬಿಸಿ. ಹಾಗಾಗಿ ಅಪ್ಪನ ಖರ್ಚು 28,000ದಿಂದ 35,000 ಜೂಲ್. ಅರ್ಧ ಗ್ರಾಂ ತೂಗುವ ಒಂದು ಕಡಲೆಕಾಯಿ ಬೀಜದಲ್ಲಿ ಸುಮಾರು 12,000 ಜೂಲ್ ಇರುತ್ತದೆ. ನಾಳೆ ಕ್ಯಾನ್ ತಂದಾಗ ಬಾಗಿಲು ಬೇಗ ತೆಗೆ, ಕೈಗೆ ಮೂರು ಹುರಿದ ಬೀಜ ಕೊಡು. ಮೂರೇ ಯಾಕೆ ಅಂತ ಸಿಟ್ಟು ಮಾಡಿದರೆ ಈ ಲೆಕ್ಕ ತೋರಿಸು.